ಮದ್ದು, ಮೋಲ್, ಮುರಕಲ್ಲಿನ ಮಣ್ಣು: ಕಾಸರಗೋಡಿನ ರಸಾಯನಶಾಸ್ತ್ರ ತರಗತಿಯಲ್ಲಿ ಸುಸ್ಥಿರ ಅಭಿವೃದ್ಧಿ

ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ಸುಸ್ಥಿರ ಅಭಿವೃದ್ಧಿಯ ವಿಚಾರವು ಸಾಮಾನ್ಯವಾಗಿ ಪಾಠದ ಬಾಲದಲ್ಲಿ ಬರುತ್ತದೆ. ಲೋಹಗಳ ಉತ್ಪಾದನೆ ಮುಗಿದ ಮೇಲೆ ಗಣಿಗಾರಿಕೆಯ ಕುರಿತು ಎರಡು ಮಾತು, ಸಾವಯವ ಸಂಯುಕ್ತಗಳ ಪಾಠದ ಕೊನೆಗೆ ಪ್ಲಾಸ್ಟಿಕ್ಕಿನ ಬಗ್ಗೆ ಒಂದು ಭಿತ್ತಿಪತ್ರ, ಪರಿಸರ ದಿನದಂದು ಒಂದು ಪ್ರತಿಜ್ಞೆ. ಇವೆಲ್ಲ ಬೇಡವೆಂದಲ್ಲ. ಆದರೆ ಹೀಗೆ ಕಲಿಸಿದಾಗ ಸಮೀಕರಣ ಬರೆಯುವುದು ಒಂದು ಕೆಲಸ, ಪರಿಸರದ ಬಗ್ಗೆ ಒಳ್ಳೆಯ ಮಾತನಾಡುವುದು ಮತ್ತೊಂದು ಕೆಲಸ ಎಂಬ ಭಾವನೆ ಮಕ್ಕಳಲ್ಲಿ ಬೇರೂರುತ್ತದೆ. ಬ್ರಂಟ್‌ಲ್ಯಾಂಡ್ ಆಯೋಗವು 1987ರಲ್ಲಿ ನೀಡಿದ ವ್ಯಾಖ್ಯೆಯಲ್ಲಿ ಮುಂದಿನ ತಲೆಮಾರಿನ ಅಗತ್ಯಗಳ ಮಾತಿದೆ. ಒಂದು ವಸ್ತು ಮುಂದಿನ ತಲೆಮಾರಿನವರೆಗೆ ಉಳಿಯುತ್ತದೆಯೇ, ಎಷ್ಟು ಉಳಿಯುತ್ತದೆ, ಯಾವ ರೂಪದಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರಿಸಬೇಕಾದುದು ರಸಾಯನಶಾಸ್ತ್ರವೇ. ದ್ರಾವ್ಯತೆ, ಮೋಲ್, ಉತ್ಕರ್ಷಣ, ಪಿಎಚ್ ಎಂಬ ಪಠ್ಯದ ಪರಿಕಲ್ಪನೆಗಳೇ ಇಲ್ಲಿನ ಸಾಧನಗಳು.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಇದಕ್ಕೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಬದಿಯಡ್ಕ ಮೊದಲಾದ ಪಂಚಾಯತುಗಳ ಹೆಸರು ಎಂಡೋಸಲ್ಫಾನ್ ಎಂಬ ಕೀಟನಾಶಕದೊಂದಿಗೆ ಸೇರಿ ಲೋಕಪ್ರಸಿದ್ಧವಾಗಿದೆ. ಆದರೂ ಈ ವಿಷಯ ತರಗತಿಯನ್ನು ಪ್ರವೇಶಿಸುವಾಗ ಹೆಚ್ಚಾಗಿ ಒಂದು ದುರಂತಕಥೆಯಾಗಿ, ಸಮಾಜ ವಿಜ್ಞಾನದ ಚರ್ಚೆಯಾಗಿ ಅಥವಾ ಪ್ರಬಂಧಸ್ಪರ್ಧೆಯ ವಿಷಯವಾಗಿ ಬರುತ್ತದೆಯೇ ಹೊರತು ರಸಾಯನಶಾಸ್ತ್ರವಾಗಿ ಬರುವುದು ಅಪರೂಪ. ಇದನ್ನು ರಸಾಯನಶಾಸ್ತ್ರವಾಗಿಯೇ ಕಲಿಸುವ ಬಗೆಯನ್ನು ಈ ಲೇಖನವು ವಿವರಿಸುತ್ತದೆ.

ಮನೆಯ ಮದ್ದಿನಿಂದ ಆರಂಭ

ಎಂಡೋಸಲ್ಫಾನಿನಿಂದ ಪಾಠವನ್ನು ಆರಂಭಿಸುವುದಕ್ಕಿಂತ ಅಡಿಕೆ ತೋಟದಿಂದ ಆರಂಭಿಸುವುದು ಮೇಲು. ಈ ಭಾಗದ ಮಕ್ಕಳ ಮನೆಮಾತು ತುಳುವಾಗಿರಬಹುದು, ಹವ್ಯಕ ಕನ್ನಡವಾಗಿರಬಹುದು, ಮಲಯಾಳ, ಕೊಂಕಣಿ, ಮರಾಠಿಯೂ ಆಗಿರಬಹುದು. ಯಾವುದೇ ಆಗಿದ್ದರೂ ತೋಟಕ್ಕೆ ಸಿಂಪಡಿಸುವ ದ್ರಾವಣಕ್ಕೂ ಜ್ವರಕ್ಕೆ ಕುಡಿಯುವ ಔಷಧಕ್ಕೂ ಬಳಕೆಯ ಹೆಸರು ಒಂದೇ. ಕನ್ನಡದಲ್ಲಿ ಮದ್ದು, ತುಳುವಿನಲ್ಲಿ ಮರ್ದ್, ಮಲಯಾಳದಲ್ಲಿ ಮರುನ್ನ್. ಈ ಪದದ ಒಳಗೇ ಒಂದು ಪಾಠವಿದೆ. ಯಾರಿಗೆ ಮದ್ದು, ಯಾವುದಕ್ಕೆ ವಿಷ, ಎಷ್ಟರವರೆಗೆ ಮದ್ದು ಎಂದು ಕೇಳಿದರೆ ಎಂಟನೆಯ ತರಗತಿಯ ಮಗುವೂ ಉತ್ತರಿಸಲು ಪ್ರಯತ್ನಿಸುತ್ತದೆ.

ಕೊಳೆರೋಗದ ವಿರುದ್ಧ ಮಳೆಗಾಲದ ಮೊದಲು ಒಮ್ಮೆ, ಬಳಿಕ ಸುಮಾರು ಆರು ವಾರಗಳ ಅಂತರದಲ್ಲಿ ಮತ್ತೊಮ್ಮೆ ಅಡಿಕೆ ಗೊನೆಗಳಿಗೆ ಬಿಡುವ ಬೋರ್ಡೋ ದ್ರಾವಣವು ಪ್ರೌಢಶಾಲಾ ರಸಾಯನಶಾಸ್ತ್ರದ ಒಂದು ಸಣ್ಣ ಭಂಡಾರವೆಂದರೆ ತಪ್ಪಾಗದು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಈ ಮಿಶ್ರಣವನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಅವರ ಅಧ್ಯಯನವು 1910ರ ಸುಮಾರಿನದು. ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ತೋಟವಿರುವ ಮನೆಯ ಮಕ್ಕಳಿಗೆ ಬಾಯಿಪಾಠ. ಆ ಮೈಲುತುತ್ತೇ ಪಠ್ಯಪುಸ್ತಕದ ತಾಮ್ರದ ಸಲ್ಫೇಟ್ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ಮನೆಯ ಹೆಸರನ್ನೂ ಪುಸ್ತಕದ ಹೆಸರನ್ನೂ ಒಂದೇ ಸಾಲಿನಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುವುದರಿಂದ ಪಾಠವು ಅರ್ಧ ಮುಗಿದಂತಾಗುತ್ತದೆ.

ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಹಳೆಯ ಕೃಷಿಕರು ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಕ್ರಿಯಾಶೀಲತಾ ಶ್ರೇಣಿಯ ಪಾಠದಲ್ಲಿದೆ. ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ ಕಬ್ಬಿಣವು ದ್ರಾವಣದಲ್ಲಿ ಮುಕ್ತವಾಗಿ ಉಳಿದ ತಾಮ್ರದ ಅಯಾನುಗಳನ್ನು ಸ್ಥಾನಪಲ್ಲಟಗೊಳಿಸುತ್ತದೆ. ಸುಣ್ಣವು ಸಾಕಷ್ಟಿದ್ದರೆ ಆ ಅಯಾನುಗಳು ತಾಮ್ರದ ಹೈಡ್ರಾಕ್ಸೈಡಿನ ನೀಲಿ ಪ್ರಕ್ಷೇಪವಾಗಿ ಬದಲಾಗಿರುತ್ತವೆ. ಕತ್ತಿಗೆ ಅಂಟಲು ಏನೂ ಉಳಿದಿರುವುದಿಲ್ಲ. ಮುಕ್ತ ತಾಮ್ರ ಹೆಚ್ಚಿದ್ದರೆ ಎಳೆಯ ಗೊನೆ ಸುಟ್ಟುಹೋಗುತ್ತದೆ. ಒಂದೇ ಧಾತು ಒಂದು ರೂಪದಲ್ಲಿ ಗಿಡಕ್ಕೆ ರಕ್ಷಣೆ, ಇನ್ನೊಂದು ರೂಪದಲ್ಲಿ ಗಿಡಕ್ಕೇ ಹಾನಿ ಎಂಬುದನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ಪ್ರಯೋಗ ಬೇರೊಂದಿಲ್ಲ. ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದೇಕೆ ಎಂಬುದಕ್ಕೂ ಮಕ್ಕಳೇ ಉತ್ತರ ಹೇಳುತ್ತಾರೆ.

ಇಲ್ಲಿಯೇ ಒಂದು ಪದದ ತೊಡಕನ್ನು ಬಿಡಿಸಬೇಕು. ಕನ್ನಡದಲ್ಲಿ ‘ಸಾವಯವ’ ಎಂಬುದು ಎರಡು ಕಡೆ ಬಳಕೆಯಾಗುತ್ತದೆ: ಸಾವಯವ ಕೃಷಿ, ಸಾವಯವ ಸಂಯುಕ್ತ. ಮೊದಲನೆಯದನ್ನು ಪತ್ರಿಕೆಯಲ್ಲಿ ಓದಿದ ಮಗು ಎರಡನೆಯದನ್ನೂ ಒಳ್ಳೆಯದು, ನಿರಪಾಯಕರ ಎಂದೇ ಗ್ರಹಿಸುತ್ತದೆ. ವಾಸ್ತವದಲ್ಲಿ ಎಂಡೋಸಲ್ಫಾನ್ ಒಂದು ಸಾವಯವ ಸಂಯುಕ್ತ. ಮೈಲುತುತ್ತು ನಿರವಯವ ಲವಣ. ಆದರೆ ಸಾವಯವ ಕೃಷಿಯ ನಿಯಮಗಳು ಎಂಡೋಸಲ್ಫಾನನ್ನು ಒಪ್ಪುವುದಿಲ್ಲ, ತಾಮ್ರದ ಲವಣಗಳನ್ನು ಮಿತಿಯೊಳಗೆ ಒಪ್ಪುತ್ತವೆ. ಈ ವಿರೋಧಾಭಾಸವನ್ನು ಮಕ್ಕಳ ಮುಂದಿಟ್ಟು ಹತ್ತು ನಿಮಿಷ ಚರ್ಚೆಗೆ ಬಿಡುವುದು ಉಪಯುಕ್ತ. ಇಂಗಾಲದ ಸಂಯುಕ್ತ ಎಂಬ ವ್ಯಾಖ್ಯೆ ಆ ಚರ್ಚೆಯಿಂದಲೇ ಗಟ್ಟಿಯಾಗುತ್ತದೆ.

ಗೇರುಗುಡ್ಡೆಯ ಮೇಲೆ ನಡೆದುದು

ಸಂಗತಿಯ ಇತಿಹಾಸವನ್ನು ತರಗತಿಯಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಜಿಲ್ಲೆಯ ಸುಮಾರು 4,600 ಹೆಕ್ಟೇರ್ ಗುಡ್ಡಪ್ರದೇಶದಲ್ಲಿ ಹರಡಿದ್ದವು. ಗೇರಿನ ಚಿಗುರು ಮತ್ತು ಹೂಗಳನ್ನು ಹೀರುವ ಟೀ ಸೊಳ್ಳೆಯನ್ನು (ಹೆಸರು ಸೊಳ್ಳೆಯೆಂದಿದ್ದರೂ ಇದು ತಿಗಣೆಯ ಬಳಗದ ಕೀಟ) ನಾಶಪಡಿಸಲು 1970ರ ದಶಕದ ಉತ್ತರಾರ್ಧದಿಂದ 2000ದ ಅಂತ್ಯದವರೆಗೆ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ತಲೆಯಲ್ಲಿ ತೋಟ, ಇಳಿಜಾರಿನಲ್ಲಿ ಮನೆ, ಬುಡದಲ್ಲಿ ತೋಡು ಮತ್ತು ಅಡಿಕೆ ತೋಟ ಎಂಬುದು ಈ ಭಾಗದ ನೆಲದ ರಚನೆ. ಕುಡಿಯುವ ನೀರು ಬರುವುದು ಮುರಕಲ್ಲಿನ ಗುಡ್ಡವನ್ನು ಅಡ್ಡವಾಗಿ ಕೊರೆದ ಸುರಂಗಗಳಿಂದ, ತೆರೆದ ಬಾವಿಗಳಿಂದ. ಏರಿಳಿತದ ಪ್ರದೇಶದಲ್ಲಿ ಹೆಲಿಕಾಪ್ಟರು ಮರಗಳ ತಲೆಗೆ ತಾಗುವಷ್ಟು ಕೆಳಗೆ ಹಾರುವುದು ಕಷ್ಟ. ಹನಿಗಳು ಗಾಳಿಗೆ ಸಿಕ್ಕಿ ತೋಟದ ಗಡಿ ದಾಟುತ್ತವೆ.

ಎಣ್ಮಕಜೆ ಪಂಚಾಯತಿನ ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ಅಸಾಧಾರಣ ಕಾಯಿಲೆಗಳು ಹೆಚ್ಚುತ್ತಿರುವುದನ್ನು 1990ರ ದಶಕದಲ್ಲಿ ಗುರುತಿಸಿದರು. ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಿನೀವಾದಲ್ಲಿ ಸೇರಿ, ಕೆಲವು ಬೆಳೆಗಳಿಗೆ ಸೀಮಿತ ಅವಧಿಯ ವಿನಾಯಿತಿಯೊಂದಿಗೆ, ಎಂಡೋಸಲ್ಫಾನನ್ನು ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂಬ ಆದೇಶ ಬಂದುದು 2017ರ ಜನವರಿಯಲ್ಲಿ. ಜಾಗತಿಕ ಒಪ್ಪಂದವೊಂದರ ಹಿಂದಿನ ವಾದಗಳಲ್ಲಿ ಪಡ್ರೆಯಂಥ ಗ್ರಾಮದ ಅನುಭವವೂ ಸೇರಿತ್ತೆಂಬುದನ್ನು ಈ ಜಿಲ್ಲೆಯ ಮಕ್ಕಳು ತಿಳಿದಿರಬೇಕು.

ಅಣುವಿನ ಲೆಕ್ಕ

ಇನ್ನು ಪಾಠದ ಹೃದಯಭಾಗ. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ ಒಂಬತ್ತು ಇಂಗಾಲ, ಆರು ಹೈಡ್ರೋಜನ್, ಆರು ಕ್ಲೋರಿನ್, ಮೂರು ಆಕ್ಸಿಜನ್ ಮತ್ತು ಒಂದು ಗಂಧಕದ ಪರಮಾಣುಗಳಿವೆ. ಅಣುರಾಶಿಯನ್ನು ಮಕ್ಕಳೇ ಲೆಕ್ಕ ಹಾಕಲಿ: 108, 6, 213, 48, 32, ಒಟ್ಟು 407. ಇದರಲ್ಲಿ ಕ್ಲೋರಿನ್ನಿನ ಪಾಲು ಶೇಕಡಾ 52ಕ್ಕಿಂತ ಹೆಚ್ಚು. ಅರ್ಧಕ್ಕಿಂತ ಹೆಚ್ಚು ತೂಕ ಕ್ಲೋರಿನ್ನಿನದೇ ಎಂದು ತಿಳಿದ ಮೇಲೆ ‘ಆರ್ಗನೋಕ್ಲೋರಿನ್’ ಎಂಬ ವರ್ಗನಾಮವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ. ಡಿಡಿಟಿಯೂ ಈ ಬಳಗದ್ದೇ. ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮ್ಯುಲರ್ ಅವರಿಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಒಮ್ಮೆ ಸಿಂಪಡಿಸಿದರೆ ಬಹುಕಾಲ ಉಳಿಯುತ್ತದೆ ಎಂಬುದೇ ಆಗ ಅದರ ದೊಡ್ಡ ಗುಣವೆನಿಸಿತ್ತು. ಅದೇ ಮುಂದೆ ದೊಡ್ಡ ದೋಷವಾಯಿತು.

ಎಂಡೋಸಲ್ಫಾನ್ ‘ನೀರಿನಲ್ಲಿ ಕರಗುವುದಿಲ್ಲ’ ಎಂಬ ಮಾತು ಪರಿಶೀಲನೆಗೆ ತಕ್ಕುದು. ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 0.3 ಮಿಲಿಗ್ರಾಂನಷ್ಟು ಮಾತ್ರ ಕರಗುತ್ತದೆ. ಉಪ್ಪು ಸಕ್ಕರೆಗಳಿಗೆ ಹೋಲಿಸಿದರೆ ಇದು ಇಲ್ಲವೆನ್ನುವಷ್ಟು ಅಲ್ಪ. ಆದರೆ ಮೋಲ್ ಲೆಕ್ಕ ಬೇರೆ ಚಿತ್ರ ಕೊಡುತ್ತದೆ. 0.0003 ಗ್ರಾಂ ಅನ್ನು 407ರಿಂದ ಭಾಗಿಸಿ ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಅಣುಗಳ ಸಂಖ್ಯೆ ಸುಮಾರು 4.4 ಗುಣಿಸು 10ರ ಘಾತ 17 ಆಗುತ್ತದೆ. ಅವೊಗಾಡ್ರೊ ಸಂಖ್ಯೆಯನ್ನು ಪರೀಕ್ಷೆಗಾಗಿ ಮಾತ್ರ ಕಂಠಪಾಠ ಮಾಡಿದ ವಿದ್ಯಾರ್ಥಿ ಅದರ ಅರ್ಥವನ್ನು ಮೊದಲ ಬಾರಿ ಕಾಣುವುದು ಇಂಥ ಲೆಕ್ಕದಲ್ಲಿ. ಇದರ ಜತೆಗೆ ಇನ್ನೊಂದು ಮಾತನ್ನೂ ಅಧ್ಯಾಪಕರು ಸೇರಿಸಬೇಕು. ಅಣುಗಳ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಅಪಾಯ ಸಿದ್ಧವಾಗುವುದಿಲ್ಲ. ದೇಹಕ್ಕೆ ಎಷ್ಟು ಸೇರುತ್ತದೆ, ಎಷ್ಟು ಕಾಲ ಸೇರುತ್ತದೆ, ಅಲ್ಲಿ ಏನು ಮಾಡುತ್ತದೆ ಎಂಬುದು ಮುಂದಿನ ಪ್ರಶ್ನೆ.

ಕರಗದ ವಸ್ತುವನ್ನು ನೀರಿನೊಡನೆ ಬೆರೆಸಿ ಸಿಂಪಡಿಸುವುದು ಹೇಗೆ ಎಂದು ಮಕ್ಕಳು ಕೇಳದಿದ್ದರೆ ಅಧ್ಯಾಪಕರೇ ಕೇಳಬಹುದು. ಮಾರಾಟವಾಗುತ್ತಿದ್ದ ಶೇಕಡಾ 35ರ ದ್ರಾವಣದಲ್ಲಿ ಕೀಟನಾಶಕವನ್ನು ಸಾವಯವ ದ್ರಾವಕವೊಂದರಲ್ಲಿ ಕರಗಿಸಿ ಎಮಲ್ಸಿಫೈಯರ್ ಸೇರಿಸಿರುತ್ತಿದ್ದರು. ಸಾಬೂನು ಎಣ್ಣೆಯ ಜಿಡ್ಡನ್ನು ನೀರಿನಲ್ಲಿ ಹಿಡಿದಿಡುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ನೀರಿಗಿಂತ ಕೊಬ್ಬನ್ನು ಮೆಚ್ಚುವ ಗುಣವನ್ನು ತೋರಿಸಲು ಕೀಟನಾಶಕವನ್ನು ಶಾಲೆಗೆ ತರುವ ಯೋಚನೆಯೂ ಬೇಡ. ಅರಸಿನದ ಪುಡಿ ಸಾಕು. ಒಂದು ಪರೀಕ್ಷಾನಾಳದಲ್ಲಿ ನೀರಿಗೆ ಚಿಟಿಕೆ ಅರಸಿನ ಹಾಕಿ ಕುಲುಕಿ ತುಸು ಹೊತ್ತು ಬಿಟ್ಟರೆ ಪುಡಿ ತಳಕ್ಕಿಳಿದು ನೀರು ತಿಳಿಹಳದಿಯಾಗಿ ನಿಲ್ಲುತ್ತದೆ. ಅದಕ್ಕೆ ತೆಂಗಿನೆಣ್ಣೆ ಸೇರಿಸಿ ಚೆನ್ನಾಗಿ ಕುಲುಕಿ ಮತ್ತೆ ನಿಲ್ಲಿಸಿದಾಗ ಮೇಲಿನ ಎಣ್ಣೆಯ ಪದರ ಗಾಢ ಹಳದಿಯಾಗುತ್ತದೆ. ಅರಸಿನದ ವರ್ಣದ್ರವ್ಯವಾದ ಕರ್ಕ್ಯುಮಿನ್ ನೀರನ್ನು ಬಿಟ್ಟು ಎಣ್ಣೆಯನ್ನು ಸೇರಿಕೊಂಡಿತು. ತೋಡಿನ ನೀರಿನಲ್ಲಿ ಅತ್ಯಲ್ಪವಾಗಿರುವ ವಸ್ತು ಮೀನಿನ ಕೊಬ್ಬಿನಲ್ಲಿ, ಹಸುವಿನ ಹಾಲಿನ ಕೆನೆಯಲ್ಲಿ ಹೆಚ್ಚಿನ ಸಾರತೆಗೆ ಏರುವುದು ಹೇಗೆಂಬುದನ್ನು ಆ ಬಣ್ಣದ ಪದರ ತೋರಿಸಿಕೊಡುತ್ತದೆ. (ಸಾರತೆ ಮತ್ತು ಸಾಂದ್ರತೆ ಎಂಬ ಪದಗಳನ್ನು ಒಂದರ ಬದಲು ಇನ್ನೊಂದು ಬಳಸುವ ರೂಢಿ ತರಗತಿಗಳಲ್ಲಿದೆ. ದ್ರಾವಣದಲ್ಲಿ ಎಷ್ಟು ಕರಗಿದೆ ಎಂಬುದು ಸಾರತೆ. ಒಂದು ಘನಮಾನದ ರಾಶಿ ಎಷ್ಟು ಎಂಬುದು ಸಾಂದ್ರತೆ. ಈ ಪಾಠದಲ್ಲಿ ಆ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.)

ಅರ್ಧಾಯುವಿನ ಪರಿಕಲ್ಪನೆಗೆ ಚೌಕಾಬಾರ ಆಟದ ಹುಣಸೆ ಬೀಜಗಳು ಒದಗುತ್ತವೆ. ಒಂದು ಬದಿಯನ್ನು ಉಜ್ಜಿ ಬೆಳ್ಳಗೆ ಮಾಡಿದ 64 ಬೀಜಗಳನ್ನು ಗುಂಪೊಂದು ನೆಲಕ್ಕೆ ಚೆಲ್ಲಲಿ. ಬಿಳಿಬದಿ ಮೇಲಾಗಿ ಬಿದ್ದುದನ್ನು ತೆಗೆದು ಉಳಿದುದನ್ನು ಎಣಿಸಿ ಮತ್ತೆ ಚೆಲ್ಲಬೇಕು. 64, ಸುಮಾರು 32, ಸುಮಾರು 16 ಎಂದು ಇಳಿಯುವುದನ್ನು ನಕ್ಷೆಯಲ್ಲಿ ಗುರುತಿಸಲಿ. ಎರಡನೆಯ ಸುತ್ತಿನಲ್ಲಿ ನಿಯಮ ಬದಲಿಸಿ, ಪ್ರತಿ ಚೆಲ್ಲಿಕೆಯ ಬಳಿಕ ಹೊಸದಾಗಿ 64 ಬೀಜ ಸೇರಿಸಬೇಕು. ಆಗ 64, 96, 112, 120 ಎಂದು ಏರುತ್ತಾ 128ರ ಹತ್ತಿರ ನಿಲ್ಲುತ್ತದೆ. ವರ್ಷವರ್ಷವೂ ಅಷ್ಟೇ ಪ್ರಮಾಣ ಸಿಂಪಡಿಸಿದರೂ ಮಣ್ಣಿನಲ್ಲಿರುವುದು ಅಷ್ಟೇ ಅಲ್ಲ ಎಂಬುದನ್ನು ಮಕ್ಕಳು ತಮ್ಮ ಕೈಯಿಂದಲೇ ಕಂಡುಕೊಳ್ಳುತ್ತಾರೆ.

ಮೂರನೆಯ ಸುತ್ತು ಮುಖ್ಯವಾದುದು. ತೆಗೆದ ಪ್ರತಿಯೊಂದು ಬೀಜದ ಜಾಗದಲ್ಲಿ ಒಂದು ಹರಳುಕಲ್ಲನ್ನು ಇಡಬೇಕು. ಮಣ್ಣಿನಲ್ಲಿ ಎಂಡೋಸಲ್ಫಾನ್ ಕಡಿಮೆಯಾಗುವುದೆಂದರೆ ಬಹಳಷ್ಟು ಸಂದರ್ಭಗಳಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುವುದು ಎಂದರ್ಥ. ಮಣ್ಣಿನ ಸೂಕ್ಷ್ಮಜೀವಿಗಳು ಅಣುವಿಗೆ ಒಂದು ಆಕ್ಸಿಜನ್ ಪರಮಾಣುವನ್ನು ಸೇರಿಸುತ್ತವೆ. ಅಣುರಾಶಿ 407ರಿಂದ 423ಕ್ಕೆ ಏರುತ್ತದೆ. ಉತ್ಕರ್ಷಣಕ್ಕೆ ಇದು ತಕ್ಕ ಉದಾಹರಣೆ: ಗಂಧಕದ ಉತ್ಕರ್ಷಣ ಸಂಖ್ಯೆ 4ರಿಂದ 6 ಆಗುತ್ತದೆ. ಹೊಸ ವಸ್ತುವಿನ ವಿಷತ್ವ ಮೂಲವಸ್ತುವಿನಷ್ಟೇ. ಬಾಳಿಕೆ ಅದಕ್ಕಿಂತ ಹೆಚ್ಚು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮಣ್ಣಿನಲ್ಲಿ ಅರ್ಧಾಯು ಒಂಬತ್ತು ತಿಂಗಳಿಂದ ಆರು ವರ್ಷಗಳವರೆಗೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಅಂದಾಜಿಸಿತ್ತು. ‘ಬೇಗ ವಿಘಟನೆಯಾಗುತ್ತದೆ’ ಎಂದು ಯಾರಾದರೂ ಹೇಳಿದಾಗ ‘ಯಾವುದಾಗಿ?’ ಎಂದು ಕೇಳುವ ಅಭ್ಯಾಸವೊಂದು ಮಕ್ಕಳಲ್ಲಿ ಬೆಳೆದರೆ ಆ ಹರಳುಕಲ್ಲುಗಳು ತಮ್ಮ ಕೆಲಸ ಮಾಡಿದಂತೆ. ತಾಮ್ರದ ಸಲ್ಫೇಟ್, ಅಮೋನಿಯಂ ಸಲ್ಫೇಟ್‌ಗಳ ಹೆಸರು ಕೇಳಿದ ಮಕ್ಕಳು ಇದನ್ನೂ ನೀರಿನಲ್ಲಿ ಕರಗುವ ಲವಣವೆಂದು ಭಾವಿಸುವ ಸಂಭವವಿದೆ. ಇದು ಲವಣವಲ್ಲ, ಎಸ್ಟರ್ ಎಂದು ಸೂಚಿಸಬೇಕು.

ಎಂಡೋಸಲ್ಫಾನ್ ಒಡೆಯುವ ಇನ್ನೊಂದು ದಾರಿ ಜಲವಿಭಜನೆ. ಆಗ ಉಂಟಾಗುವ ಡಯೋಲ್ ಕಡಿಮೆ ವಿಷಕಾರಿ. ಈ ಕ್ರಿಯೆ ಪ್ರತ್ಯಾಮ್ಲೀಯ ಮಾಧ್ಯಮದಲ್ಲಿ ಬೇಗ ನಡೆಯುತ್ತದೆ. ಪಿಎಚ್ 9ರಲ್ಲಿ ಒಂದು ದಿನವೂ ಬೇಡ, ಪಿಎಚ್ 5ರಲ್ಲಿ ತಿಂಗಳುಗಟ್ಟಲೆ ಬೇಕು. ಇನ್ನು ಶಾಲೆಯ ಹಿಂದಿನ ಗುಡ್ಡದ ಮಣ್ಣನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ತಿಳಿಯನ್ನು ಸೋಸಿ ಪಿಎಚ್ ಕಾಗದದಿಂದ ಪರೀಕ್ಷಿಸಿ ನೋಡಲಿ. ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದು, ಕ್ಯಾಲ್ಸಿಯಂ ಮೊದಲಾದವು ಮಳೆಗೆ ತೊಳೆದುಹೋಗಿರುವ ಮುರಕಲ್ಲಿನ ಮಣ್ಣು ಸ್ವಭಾವತಃ ಆಮ್ಲೀಯ. ಒಂದು ದೇಶದ ಪ್ರಯೋಗಾಲಯದಲ್ಲಿ ಬೇಗ ಒಡೆದ ವಸ್ತು ಇನ್ನೊಂದು ನೆಲದಲ್ಲಿ ನಿಧಾನವಾಗಿ ಒಡೆಯಬಹುದು ಎಂಬುದಕ್ಕೆ ಆ ಕಾಗದದ ಬಣ್ಣಕ್ಕಿಂತ ಹೆಚ್ಚಿನ ವಿವರಣೆ ಬೇಡ. ಪಿಎಚ್ ಪಾಠಕ್ಕೆ ನಿಂಬೆರಸ ಮತ್ತು ಸಾಬೂನು ನೀರಿನ ಉದಾಹರಣೆಗಳಷ್ಟೇ ಸಾಕೆಂದು ತಿಳಿದವರು ಈ ಪ್ರಯೋಗವನ್ನು ಒಮ್ಮೆ ಮಾಡಿಸಿ ನೋಡಬಹುದು.

ಪ್ರಮಾಣ ಮತ್ತು ಸಂಯಮ

ಹಾನಿಯ ಪ್ರಶ್ನೆಗೆ ಬಂದಾಗ ತರಗತಿಯ ಧ್ವನಿ ಬದಲಾಗುತ್ತದೆ. ಇಲ್ಲಿ ಮಕ್ಕಳಿಗೆ ಬೇಕಾದುದು ಪುರಾವೆಯನ್ನು ಓದುವ ಕ್ರಮ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಗೇರುತೋಟದ ಬುಡದ ಗ್ರಾಮವೊಂದರ 10ರಿಂದ 19 ವಯಸ್ಸಿನ 117 ಗಂಡುಮಕ್ಕಳನ್ನೂ, ಅಂಥ ಸಿಂಪಡಣೆಯ ಹಿನ್ನೆಲೆಯಿಲ್ಲದ ಕಡೆಯ 90 ಮಕ್ಕಳನ್ನೂ ಪರೀಕ್ಷಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಮೊದಲ ಗುಂಪಿನ ಶೇಕಡಾ 78ರಷ್ಟು ಮಕ್ಕಳ ರಕ್ತಸಾರದಲ್ಲಿ, ಎರಡನೆಯ ಗುಂಪಿನ ಶೇಕಡಾ 29ರಷ್ಟು ಮಕ್ಕಳ ರಕ್ತಸಾರದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ಸರಾಸರಿ ಪ್ರಮಾಣ ಶತಕೋಟಿಯಲ್ಲಿ ಸುಮಾರು 7.5 ಭಾಗ ಮತ್ತು 1.4 ಭಾಗ. ಹಿಂದೆ ಲೆಕ್ಕ ಹಾಕಿದ ದ್ರಾವ್ಯತೆಯ ಮಿತಿ, ಅಂದರೆ ಲೀಟರಿಗೆ 0.3 ಮಿಲಿಗ್ರಾಂ, ಇದೇ ಅಳತೆಯಲ್ಲಿ ಸುಮಾರು 300 ಭಾಗ. ರಕ್ತದಲ್ಲಿ ಕಂಡ ಪ್ರಮಾಣ ಅದರ ನಲವತ್ತನೆಯ ಒಂದಂಶ. ‘ಕರಗದು’ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಈ ಹೋಲಿಕೆಯಿಂದ ಅಳೆಯಬಹುದು.

ಈ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಎರಡು ಪ್ರಶ್ನೆಗಳನ್ನು ಇಡುವುದು ಒಳ್ಳೆಯದು. ಎರಡನೆಯ ಗುಂಪು ಏಕೆ ಬೇಕಿತ್ತು? ಅಲ್ಲಿಯ ಸಂಖ್ಯೆ ಸೊನ್ನೆಯಾಗದೆ 29 ಏಕಾಯಿತು? ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮಕ್ಕಳು ತರಕಾರಿ, ಗಾಳಿ, ಸಂತೆ ಎಂದು ಬಹುದೂರ ಹೋಗುತ್ತಾರೆ, ಹೋಗಲಿ. ಎಂಡೋಸಲ್ಫಾನನ್ನು ಗೇರಿಗೆ ಮಾತ್ರ ಬಳಸುತ್ತಿರಲಿಲ್ಲ ಎಂಬುದು, ಅದು ನಿಧಾನವಾಗಿ ಆವಿಯಾಗಿ ದೂರ ಸಾಗುತ್ತದೆ ಎಂಬುದು ಆ ದಾರಿಯಲ್ಲಿ ಸಿಗುತ್ತವೆ. ಈ ಅಧ್ಯಯನಕ್ಕೆ ಆಕ್ಷೇಪಗಳು ಬಂದುವೆಂಬುದನ್ನೂ, ಬಳಿಕ ನೇಮಕವಾದ ಸಮಿತಿಗಳಲ್ಲಿ ಕೆಲವು ಕಾಯಿಲೆಗಳೊಂದಿಗೆ ಸಂಬಂಧ ಸ್ಥಾಪಿತವಾಗಿಲ್ಲ ಎಂದುವೆಂಬುದನ್ನೂ ಮರೆಮಾಚಬಾರದು. ಅದೇ ಉಸಿರಿನಲ್ಲಿ, ಪೂರ್ಣ ಪುರಾವೆ ಸಿಗುವವರೆಗೆ ಸಿಂಪಡಣೆ ಮುಂದುವರಿಯಬೇಕೇ ನಿಲ್ಲಬೇಕೇ, ಅನುಮಾನದ ಲಾಭ ವಸ್ತುವಿಗೋ ಜನರಿಗೋ ಎಂಬ ಪ್ರಶ್ನೆಯನ್ನೂ ಎತ್ತಬೇಕು. ಮುನ್ನೆಚ್ಚರಿಕೆಯ ತತ್ತ್ವವೆಂದು ಕರೆಯುವುದು ಇದನ್ನೇ.

ಈ ಪಾಠದಲ್ಲಿ ಅಧ್ಯಾಪಕರು ಪಾಲಿಸಬೇಕಾದ ಸಂಯಮವು ಬೇರೆ ಜಿಲ್ಲೆಯ ಅಧ್ಯಾಪಕರಿಗೆ ಬೇಕಾಗದು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯ ತಮ್ಮನೋ ತಂಗಿಯೋ ಪಂಚಾಯತಿನ ಬಡ್ಸ್ ಶಾಲೆಯಲ್ಲಿರಬಹುದು. ಇನ್ನೊಬ್ಬನ ಅಜ್ಜ ಅದೇ ಗೇರುತೋಟದಲ್ಲಿ ದುಡಿದು ಮನೆ ನಡೆಸಿದವರಾಗಿರಬಹುದು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದೆಯೇ?’ ಎಂದು ಕೈ ಎತ್ತಿಸುವುದು ಸಲ್ಲದು. ಲೋಕವೆಲ್ಲ ಸುತ್ತಿದ ಆ ಛಾಯಾಚಿತ್ರಗಳನ್ನು ಪರದೆಯ ಮೇಲೆ ತೋರಿಸುವುದೂ ಬೇಡ. ದೂರದವರಿಗೆ ಅದು ಮರುಕ ಹುಟ್ಟಿಸುವ ಚಿತ್ರ, ಇಲ್ಲಿಯ ಮಗುವಿಗೆ ನೆರೆಮನೆಯವರ ಮುಖ. ಊರಿನ ಪ್ರತಿಯೊಂದು ಕಾಯಿಲೆಗೂ ಇದೇ ಕಾರಣವೆಂದು ತೀರ್ಪು ಕೊಡುವುದು ರಸಾಯನಶಾಸ್ತ್ರದ ಅಧ್ಯಾಪಕರ ಕೆಲಸವಲ್ಲ. ಕಾರಣವಲ್ಲವೆಂದು ಹೇಳುವುದೂ ಅಲ್ಲ. ತಾನಾಗಿ ಮಾತನಾಡಬಯಸುವ ಮಗುವಿಗೆ ಅವಕಾಶವಿರಲಿ.

ಶಾಲೆಯ ಪ್ರಯೋಗಾಲಯವೂ ಲೆಕ್ಕಕ್ಕೆ ಬರುತ್ತದೆ

ತೋಟಗಳ ಗೋದಾಮುಗಳಲ್ಲಿ ಉಳಿದಿದ್ದ ಎಂಡೋಸಲ್ಫಾನನ್ನು ತುಕ್ಕು ಹಿಡಿದ ಪೀಪಾಯಿಗಳಿಂದ ಸುರಕ್ಷಿತ ಪೀಪಾಯಿಗಳಿಗೆ ವರ್ಗಾಯಿಸುವ ಕೆಲಸ 2012ರಲ್ಲಿ ನಡೆಯಿತು. ಅದನ್ನು ಸುಟ್ಟುಬಿಡಬಾರದೇಕೆ ಎಂದು ಮಕ್ಕಳು ಸಹಜವಾಗಿಯೇ ಕೇಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಇರುವ ಸಾವಯವ ವಸ್ತುವನ್ನು ಸಾಧಾರಣ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್‌ಗಳಂಥ ಇನ್ನೂ ಕೆಟ್ಟ ವಸ್ತುಗಳು ಉಂಟಾಗಬಹುದು. ಬಹು ಹೆಚ್ಚಿನ ಉಷ್ಣತೆಯ ವಿಶೇಷ ಕುಲುಮೆಗಳೇ ಬೇಕು. ತಯಾರಿಸುವಾಗಲೇ ಮುಗಿವನ್ನೂ ಯೋಚಿಸಬೇಕು ಎಂಬುದು ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ತ್ವಗಳಲ್ಲಿ ಒಂದು. ಹನ್ನೆರಡನ್ನೂ ಬರೆಸಿ ಕಂಠಪಾಠ ಮಾಡಿಸುವ ಅಗತ್ಯವಿಲ್ಲ. ತ್ಯಾಜ್ಯವನ್ನು ಶುದ್ಧೀಕರಿಸುವುದಕ್ಕಿಂತ ಉಂಟುಮಾಡದಿರುವುದು ಲೇಸು ಎಂಬ ಮೊದಲನೆಯದೂ, ಬಳಕೆಯ ಬಳಿಕ ನಿರುಪದ್ರವವಾಗಿ ಒಡೆಯುವಂತೆ ವಸ್ತುವನ್ನು ರೂಪಿಸಬೇಕು ಎಂಬ ಹತ್ತನೆಯದೂ ಪ್ರೌಢಶಾಲೆಗೆ ಸಾಕು.

ಅವನ್ನು ಮೊದಲು ಅನ್ವಯಿಸಬೇಕಾದುದು ಶಾಲೆಯ ಪ್ರಯೋಗಾಲಯಕ್ಕೇ. ತೊಳೆಯುವ ತೊಟ್ಟಿಯ ಕೊಳವೆ ಎಲ್ಲಿಗೆ ಹೋಗುತ್ತದೆ, ಶಾಲೆಯ ಬಾವಿಗೆ ಅಲ್ಲಿಂದ ಎಷ್ಟು ದೂರ ಎಂದು ಮಕ್ಕಳಿಂದಲೇ ಅಳೆಯಿಸಬಹುದು. ಪ್ರಕ್ಷೇಪಣ ಕ್ರಿಯೆಗೆ ಸೀಸದ ನೈಟ್ರೇಟ್ ಬಳಸಿ ಹಳದಿ ಬಣ್ಣ ತೋರಿಸುವುದು ಆಕರ್ಷಕವೇ ಸರಿ. ಆದರೆ ಸುಣ್ಣದ ತಿಳಿನೀರು ಮತ್ತು ವಾಷಿಂಗ್ ಸೋಡಾದಿಂದ ಬರುವ ಬಿಳಿ ಪ್ರಕ್ಷೇಪವೂ ಅದೇ ತತ್ತ್ವವನ್ನು ಕಲಿಸುತ್ತದೆ, ಸೀಸ ಮಣ್ಣಿಗಿಳಿಯುವುದಿಲ್ಲ. ಪರೀಕ್ಷಾನಾಳದ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಹನಿಹನಿಯಾಗಿ ಮಾಡುವ ಪ್ರಯೋಗಗಳಲ್ಲಿ ರಾಸಾಯನಿಕ ಬಹಳಷ್ಟು ಉಳಿಯುತ್ತದೆ. ಕಬ್ಬಿಣದ ಮೊಳೆ ಮತ್ತು ಮೈಲುತುತ್ತಿನ ಪ್ರಯೋಗ ಮುಗಿದ ಬಳಿಕ ಉಳಿದ ನೀಲಿ ದ್ರಾವಣವನ್ನು ಚೆಲ್ಲದೆ ಒಂದು ಪಾತ್ರೆಯಲ್ಲಿ ಕೂಡಿಟ್ಟು, ಸುಣ್ಣದ ನೀರು ಸೇರಿಸಿದರೆ ತಾಮ್ರ ತಳಕ್ಕಿಳಿಯುತ್ತದೆ. ಅಡಿಕೆ ತೋಟದ ಮದ್ದಿನ ತತ್ತ್ವವೇ ಇಲ್ಲಿ ತ್ಯಾಜ್ಯ ನಿರ್ವಹಣೆಯ ತತ್ತ್ವ. ಸೋಸಿ ತೆಗೆದ ಪ್ರಕ್ಷೇಪವನ್ನು ಹೆಸರಿನ ಚೀಟಿ ಅಂಟಿಸಿದ ಬಾಟಲಿಯಲ್ಲಿಡಬೇಕು.

ಪರ್ಯಾಯವೇನು ಎಂಬ ಪ್ರಶ್ನೆ ಚರ್ಚೆಯ ಕೊನೆಗೆ ಬಂದೇ ಬರುತ್ತದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳು ಟೀ ಸೊಳ್ಳೆಯನ್ನು ಬೇಟೆಯಾಡುತ್ತವೆ. ಗೇರುಮರಗಳಲ್ಲಿ ಅವುಗಳ ಉಪಯೋಗದ ಕುರಿತು ಅಧ್ಯಯನಗಳು ನಡೆದಿವೆ. ಆದರೆ ಗೇರು ಕೊಯ್ಯುವವರಿಗೆ ಅವು ಕಚ್ಚುತ್ತವೆ ಎಂಬುದನ್ನು ಮಕ್ಕಳು ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲರು. ವೆಚ್ಚವಿಲ್ಲದ ಪರ್ಯಾಯವಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಮೌಲ್ಯಮಾಪನಕ್ಕೆ ಒಂದು ಮನೆಗೆಲಸವನ್ನು ಕೊಡಬಹುದು. ಮೈಲುತುತ್ತಿನ ಹರಳಿನಲ್ಲಿ ತಾಮ್ರದ ಪಾಲು ಶೇಕಡಾ 25ಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಶೇಕಡಾ ಒಂದರ ಬೋರ್ಡೋ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 2.5 ಗ್ರಾಂ ತಾಮ್ರವಿದೆ. ತಮ್ಮ ಅಥವಾ ನೆರೆಯ ತೋಟಕ್ಕೆ ಒಂದು ಸಲಕ್ಕೆ ಎಷ್ಟು ಲೀಟರ್ ಬಿಡುತ್ತಾರೆ, ವರ್ಷಕ್ಕೆ ಎಷ್ಟು ಸಲ, ಎಷ್ಟು ವರ್ಷಗಳಿಂದ ಎಂದು ಹಿರಿಯರನ್ನು ಕೇಳಿ ಬರಲಿ. ಸಲಕ್ಕೆ 200 ಲೀಟರಿನಂತೆ ವರ್ಷಕ್ಕೆ ಎರಡು ಸಲವಾದರೆ ಒಂದು ಕಿಲೋಗ್ರಾಂ ತಾಮ್ರ. ಐವತ್ತು ವರ್ಷಕ್ಕೆ ಐವತ್ತು ಕಿಲೋಗ್ರಾಂ. ಎಂಡೋಸಲ್ಫಾನಿಗೆ ಅರ್ಧಾಯು ಇದೆ. ತಾಮ್ರ ಧಾತು, ಅದು ಒಡೆಯುವುದಿಲ್ಲ. ಆ ತಾಮ್ರ ಈಗ ಎಲ್ಲಿದೆ, ಯಾವ ರೂಪದಲ್ಲಿದೆ, ಆಮ್ಲೀಯ ಮಣ್ಣಿನಲ್ಲಿ ಅದು ಹೇಗೆ ವರ್ತಿಸಬಹುದು ಎಂಬುದನ್ನು ಒಂದು ಪುಟದಲ್ಲಿ ಬರೆದು ತರಲು ಹೇಳಬೇಕು.